ಭುಜದ ಕೀಲು ತಪ್ಪಿದವರಿಗೆ ರೆಫರ್ ಚೀಟಿ ಬೇಡ: ಆರೋಗ್ಯ ಇಲಾಖೆಯ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಭುಜದ ಕೀಲು ತಪ್ಪಿದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಚಿಕಿತ್ಸೆ ಸಿಗುವಂತೆ ಮಾಡುವ ಬಗ್ಗೆ.

ಮಾನ್ಯರೇ,

ನಾನು ಒಂದು ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ಜನ ಕರೆಯುವ ಹಾಗೆ ಹೇಳಿದರೆ ಕ್ಯಾಶುವಾಲ್ಟಿ ಡಾಕ್ಟರ್. ಸುತ್ತಲಿನ ತಾಲ್ಲೂಕುಗಳಲ್ಲಿ ‘ಇಲ್ಲಿ ಆಗಲ್ಲ, ಮುಂದಕ್ಕೆ ಕರ್ಕೊಂಡು ಹೋಗಿ’ ಅನ್ನಿಸಿಕೊಂಡವರೆಲ್ಲ ಬಂದು ಸೇರುವ ಜಾಗ ನಮ್ಮದು. ತಲೆಗೆ ಪೆಟ್ಟು ಬಿದ್ದವರು, ಹೊಟ್ಟೆಯೊಳಗೆ ರಕ್ತ ಸೋರುತ್ತಿರುವವರು, ಪಾರ್ಶ್ವವಾಯು ಹೊಡೆದವರು ಬರುತ್ತಾರೆ. ಅವರನ್ನು ಕಳಿಸಿದ್ದರಲ್ಲಿ ಅರ್ಥವಿದೆ. ಅವರ ನಡುವೆ ಇನ್ನೊಬ್ಬರು ಇರುತ್ತಾರೆ. ನೋವಾದ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು, ಯಾರೂ ಹತ್ತಿರ ಬರದಂತೆ ಕಣ್ಣಲ್ಲೇ ತಡೆಯುತ್ತಾ, ಸ್ಟ್ರೆಚರ್ ಕೊಟ್ಟರೂ ಮಲಗದೆ ಕೂತಿರುತ್ತಾರೆ. ಭುಜದ ಕೀಲು ತಪ್ಪಿದವರು. ಈ ಪತ್ರ ಅವರ ಬಗ್ಗೆ.

ನನ್ನ ದೂರು ಇದು. ಕೀಲು ತಪ್ಪಿದ ಭುಜವನ್ನು ಮೊದಲು ಹೋದ ಆಸ್ಪತ್ರೆಯಲ್ಲೇ ಕೂರಿಸಬಹುದು. ಬಹಳಷ್ಟು ಮಂದಿಗೆ ಆಪರೇಷನ್ ಥಿಯೇಟರ್ ಬೇಡ, ಅರಿವಳಿಕೆ ತಜ್ಞರು ಬೇಡ, ದುಬಾರಿ ಯಂತ್ರ ಬೇಡ. ಹಾಗಿದ್ದೂ ನಮ್ಮ ರಾಜ್ಯದಲ್ಲಿ ಎಷ್ಟೋ ಕಡೆ ಸಂಜೆಯಾದ ಮೇಲೆ ಇವರಿಗೆ ಸಿಗುವುದು ಸೊಂಟಕ್ಕೊಂದು ನೋವಿನ ಡೈಕ್ಲೋಫೆನಾಕ್ ಇಂಜೆಕ್ಷನ್, ಕೈಗೊಂದು ರೆಫರ್ ಚೀಟಿ.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಇಂಥದ್ದು ಅಪರೂಪವೇನೂ ಅಲ್ಲ.

ಹೊನಲು ಬೆಳಕಿನ ಕಬಡ್ಡಿ ಪಂದ್ಯ. ರೈಡ್‌ಗೆ ಹೋದ ಹುಡುಗ ಗೆರೆ ಮುಟ್ಟಲು ಕೈ ಚಾಚಿದ್ದಾನೆ. ಹಿಂದಿನಿಂದ ಮೂವರು ಮೇಲೆ ಬಿದ್ದಿದ್ದಾರೆ. ಚಾಚಿದ ಕೈ ಹಿಂದಕ್ಕೆ ತಿರುಚಿ ಭುಜ ಜಾರಿದೆ. ರಾತ್ರಿ 9 ಗಂಟೆಯ ಹೊತ್ತಿಗೆ ತಾಲ್ಲೂಕು ಆಸ್ಪತ್ರೆ ತಲುಪಿದ್ದಾರೆ. ಡ್ಯೂಟಿ ಡಾಕ್ಟರ್ ಇದ್ದರು, ಸಿಸ್ಟರ್ ಇದ್ದರು. ಎಕ್ಸ್‌ರೇ ಕೋಣೆಗೆ ಬೀಗ ಹಾಕಿತ್ತು. ‘ಆರ್ಥೋ ಡಾಕ್ಟರ್ ನಾಳೆ ಬರ್ತಾರೆ, ಈಗಲೇ ಆಗ್ಬೇಕು ಅಂದ್ರೆ ಜಿಲ್ಲೆಗೆ ಹೋಗಿ’ ಎಂದು ಚೀಟಿ ಬರೆದುಕೊಟ್ಟರು. ಭುಜದ ಮೇಲೆ ಸ್ಪರ್ಶ ಇದೆಯಾ, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿದೆಯಾ, ಪೆಟ್ಟಾಗಿ ಎಷ್ಟು ಹೊತ್ತಾಯಿತು, ಯಾವುದೂ ಆ ಚೀಟಿಯಲ್ಲಿರಲಿಲ್ಲ. ಬಾಡಿಗೆ ಓಮ್ನಿಯಲ್ಲಿ ಹೊರಟರು. ರಸ್ತೆಯ ಪ್ರತಿ ಹಂಪ್‌ಗೂ ಹುಡುಗ ಕಿರುಚುತ್ತಿದ್ದ ಎಂದು ಅವನ ಮಾವ ಆಮೇಲೆ ಹೇಳಿದರು. ನಮ್ಮಲ್ಲಿಗೆ ಬಂದಾಗ ನಡುರಾತ್ರಿ ದಾಟಿತ್ತು.

ಎಕ್ಸ್‌ರೇ ತೆಗೆಸಿದೆವು, ಮುರಿತ ಇರಲಿಲ್ಲ. ಕೀಲಿನೊಳಕ್ಕೆ ಮರಗಟ್ಟಿಸುವ ಮದ್ದು ಲಿಗ್ನೋಕೇನ್ ಕೊಟ್ಟು, ಅದು ಹಿಡಿಯುವ ತನಕ ಅವನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಪಂದ್ಯದ ಸ್ಕೋರ್ ಕೇಳಿದೆ. ಆಮೇಲೆ ಮೊಣಕೈಯನ್ನು ಪಕ್ಕೆಗೆ ತಾಗಿಸಿ ಹಿಡಿದು, ಮುಂಗೈಯನ್ನು ನಿಧಾನಕ್ಕೆ ಹೊರಗೆ ತಿರುಗಿಸುತ್ತಾ ಹೋದೆ. ನೋವು ಅಂದಾಗ ಅಲ್ಲೇ ನಿಲ್ಲಿಸುವುದು, ಬಿಗಿತ ಸಡಿಲವಾದ ಮೇಲೆ ಮತ್ತೆ ಒಂದಿಷ್ಟು. ಎಳೆಯಲಿಲ್ಲ. ಒಂದು ಹಂತದಲ್ಲಿ ಕೀಲು ತಾನಾಗಿ ಒಳಗೆ ಸರಿಯಿತು. ಹುಡುಗ ಉಸಿರು ಬಿಟ್ಟು ‘ಆಯ್ತಾ?’ ಅಂದ. ಅವನ ಮಾವನಿಗೆ ಸಮಾಧಾನವಾಗಲಿಲ್ಲ. ‘ಇಷ್ಟೇನಾ ಮೇಡಂ? ಇಷ್ಟಕ್ಕೆ ನಾವು ಅಲ್ಲಿಂದ ಇಲ್ಲೀ ತನಕ ಬರಬೇಕಿತ್ತಾ?’ ಎಂದು ಕೇಳಿದರು. ಅವರಿಗೆ ಉತ್ತರ ಕೊಡಬೇಕಾದವರು ನಾನಲ್ಲ, ತಮ್ಮ ಇಲಾಖೆ. ಅದಕ್ಕೇ ಬರೆಯುತ್ತಿದ್ದೇನೆ.

ಭುಜ ಯಾಕೆ ಇಷ್ಟು ಸುಲಭವಾಗಿ ಜಾರುತ್ತದೆ ಅಂದರೆ ಅದರ ರಚನೆಯೇ ಹಾಗಿದೆ. ತೋಳಿನ ಮೂಳೆಯ ತಲೆ ಚಿಕ್ಕ ಬಟ್ಟಲಿನ ಮೇಲೆ ಇಟ್ಟ ಮೋಸಂಬಿಯ ಹಾಗೆ ಕೂತಿರುತ್ತದೆ. ಕೈಯನ್ನು ಎಲ್ಲ ದಿಕ್ಕಿಗೂ ಆಡಿಸಲು ಆಗುವುದು ಈ ಕಾರಣಕ್ಕೇ. ದೇಹದ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ತಪ್ಪುವುದೂ ಇದೇ. ನೂರರಲ್ಲಿ ಸುಮಾರು 95 ಮಂದಿಗೆ ಮೂಳೆಯ ತಲೆ ಮುಂದಕ್ಕೆ ಜಾರುತ್ತದೆ. ಜಾರಿದ ಕೂಡಲೇ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ. ಬಿಗಿದಷ್ಟೂ ನೋವು, ನೋವಾದಷ್ಟೂ ಇನ್ನೂ ಬಿಗಿತ. ಮೊದಲ ಗಂಟೆಯಲ್ಲಿ ಮಾತಾಡಿಸುತ್ತಲೇ ಕೂರಿಸಬಹುದಾದ ಭುಜ, ಐದಾರು ಗಂಟೆ ಕಳೆದ ಮೇಲೆ ಮಂಪರು ಕೊಡದೆ ಕದಲದೇ ಇರಬಹುದು. ಮೂಳೆಯ ತಲೆ ಹೊರಗಿದ್ದಷ್ಟು ಹೊತ್ತೂ ಪಕ್ಕದ ನರ ಜಗ್ಗುತ್ತಿರುತ್ತದೆ. ವಯಸ್ಸಾದವರಲ್ಲಿ ಕಂಕುಳಿನ ರಕ್ತನಾಳಕ್ಕೂ ಪೆಟ್ಟಾಗುವುದುಂಟು. ಮೂರು ವಾರ ದಾಟಿತು ಅಂದರೆ ಕ್ಯಾಶುವಾಲ್ಟಿಯಲ್ಲಿ ಕೈ ಹಾಕುವುದೇ ಅಪಾಯ. ಆಗ ಆಪರೇಷನ್ ಮಾತು ಬರುತ್ತದೆ.

ಅಂದರೆ ತಾಲ್ಲೂಕಿನಲ್ಲಿ ಬರೆಯುವ ರೆಫರ್ ಚೀಟಿಯಿಂದ ಚಿಕಿತ್ಸೆ ಬರೀ ತಡವಾಗುವುದಿಲ್ಲ, ಕಷ್ಟವೂ ಆಗುತ್ತದೆ.

ಇದೇನು ಹೊಸ ವಿದ್ಯೆಯಲ್ಲ. ಈಜಿಪ್ಟಿನಲ್ಲಿ ಮೂರು ಸಾವಿರ ವರ್ಷಕ್ಕೂ ಹಳೆಯದಾದ ಇಪುಯಿ ಎಂಬವನ ಸಮಾಧಿಯ ಗೋಡೆಯಲ್ಲಿ ಒಬ್ಬ ಇನ್ನೊಬ್ಬನ ಭುಜ ಕೂರಿಸುತ್ತಿರುವಂತೆ ಕಾಣುವ ಚಿತ್ರವಿದೆ. ಗ್ರೀಸಿನ ಹಿಪಾಕ್ರಟಿಸ್ ಹೆಸರಿನಲ್ಲಿ ಉಳಿದು ಬಂದಿರುವ ವಿಧಾನ ಕಂಕುಳಿಗೆ ಹಿಮ್ಮಡಿ ಕೊಟ್ಟು ಕೈ ಎಳೆಯುವುದು. ಸ್ವಿಟ್ಜರ್ಲೆಂಡಿನ ಶಸ್ತ್ರಚಿಕಿತ್ಸಕ ಥಿಯೋಡರ್ ಕೋಷರ್ 1870ರಲ್ಲಿ ತಿರುಗಿಸಿ ಕೂರಿಸುವ ವಿಧಾನ ಬರೆದರು. ಅವರು ಬರೆದಿದ್ದರಲ್ಲಿ ಎಳೆತವೇ ಇರಲಿಲ್ಲ. ಆಮೇಲಿನವರು ಎಳೆಯುವುದನ್ನು ಸೇರಿಸಿಕೊಂಡು, ಮೂಳೆ ಮುರಿದಾಗ ಬೈಗುಳವನ್ನು ಮಾತ್ರ ಕೋಷರ್‌ಗೆ ಬಿಟ್ಟರು! 2003ರಲ್ಲಿ ಆಸ್ಟ್ರೇಲಿಯಾದ ತುರ್ತು ಚಿಕಿತ್ಸಾ ವೈದ್ಯ ನೀಲ್ ಕನಿಂಗ್‌ಹ್ಯಾಮ್ ಔಷಧಿಯನ್ನೇ ಕೊಡದ ಒಂದು ವಿಧಾನ ಪ್ರಕಟಿಸಿದರು. ರೋಗಿಯನ್ನು ಕುರ್ಚಿಯಲ್ಲಿ ನೇರ ಕೂರಿಸಿ, ಅವನ ಕೈಯನ್ನು ವೈದ್ಯ ತನ್ನ ತೋಳಿನ ಮೇಲೆ ಇಡಿಸಿಕೊಂಡು, ಎದೆ ಮುಂದೆ ಮಾಡಿ ಭುಜ ಹಿಂದಕ್ಕೆ ಸರಿಸು ಎಂದು ಹೇಳುತ್ತಾ ಭುಜದ ಸ್ನಾಯು, ತೋಳಿನ ಸ್ನಾಯುಗಳನ್ನು ನಿಧಾನಕ್ಕೆ ನೀವುವುದು. ಎಲ್ಲರಿಗೂ ಆಗುವುದಿಲ್ಲ. ಗಾಬರಿ ಬಿದ್ದವರಿಗೆ ಅಂತೂ ಕಷ್ಟ. ಆದರೆ ಆಗುವವರಿಗೆ ಎಷ್ಟು ಸಲೀಸಾಗಿ ಆಗುತ್ತದೆಂದರೆ, ಮೊದಲ ಸಲ ನೋಡಿದ ಇಂಟರ್ನ್‌ಗಳು ಕೀಲು ಕೂತಿದ್ದನ್ನು ನಂಬದೆ ಮತ್ತೆ ಮುಟ್ಟಿ ನೋಡುತ್ತಾರೆ.

ನನಗೆ ನಮ್ಮ ತಾಲ್ಲೂಕುಗಳಿಗೆ ಎಲ್ಲಕ್ಕಿಂತ ಹೊಂದುತ್ತದೆ ಅನ್ನಿಸುವುದು ಸ್ಟಿಮ್ಸನ್ ವಿಧಾನ. ನೂರು ವರ್ಷಕ್ಕೂ ಹಳೆಯದು. ರೋಗಿಯನ್ನು ಎತ್ತರದ ಮಂಚದ ಮೇಲೆ ಬೋರಲು ಮಲಗಿಸಿ, ನೋವಾದ ಕೈ ಅಂಚಿನಿಂದ ಕೆಳಕ್ಕೆ ಇಳಿಬೀಳುವಂತೆ ಬಿಡುವುದು. ಮಣಿಕಟ್ಟಿಗೆ ಹತ್ತಿ ಸುತ್ತಿ, ಬ್ಯಾಂಡೇಜಿನಿಂದ 5 ಕೆಜಿಯಷ್ಟು ತೂಕ ಕಟ್ಟುವುದು. ತೂಕವನ್ನು ಅವನ ಕೈಯಲ್ಲಿ ಹಿಡಿಸಬಾರದು, ಹಿಡಿದರೆ ಸ್ನಾಯು ಬಿಗಿಯುತ್ತದೆ. ತೂಕಕ್ಕೆ ಏನು ಮಾಡುವುದು ಅಂತ ಒಬ್ಬರು ಕೇಳಿದ್ದರು. ಅರ್ಧ ಲೀಟರಿನ ಸಲೈನ್ ಬಾಟಲಿ ಹತ್ತು ಸೇರಿದರೆ 5 ಕೆಜಿ ಆಗಲ್ವಾ? 20–30 ನಿಮಿಷದಲ್ಲಿ ಸ್ನಾಯು ದಣಿದು ಸಡಿಲವಾಗುತ್ತದೆ, ಕೀಲು ತಾನಾಗಿ ಕೂರಬಹುದು. ಕೂರದಿದ್ದರೆ ಬೆನ್ನಿನ ಹೆಗಲ ಮೂಳೆಯ ಕೆಳತುದಿಯನ್ನು ಬೆನ್ನುಮೂಳೆಯ ಕಡೆಗೆ ತಳ್ಳಿ ನೆರವಾಗಬಹುದು. ಅಷ್ಟು ಹೊತ್ತು ಯಾರಾದರೂ ಪಕ್ಕದಲ್ಲಿ ಇದ್ದು ನೋಡಿಕೊಳ್ಳಬೇಕು. ಬೋರಲು ಮಲಗಿದವನಿಗೆ ಮಂಪರು ಮದ್ದು ಕೊಡಬಾರದು.

ನೋವಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ‘ಅನಸ್ತೇಶಿಯಾ ಡಾಕ್ಟರ್ ಇಲ್ಲ’ ಅನ್ನುವುದು ರೆಫರ್‌ಗೆ ಕೊಡುವ ಮೊದಲ ಕಾರಣ. ಗಾಯಕ್ಕೆ ಹೊಲಿಗೆ ಹಾಕಲು ಪ್ರತಿ ಆಸ್ಪತ್ರೆಯಲ್ಲೂ ಬಳಸುವ ಲಿಗ್ನೋಕೇನ್ ಸಾಕು. ಶೇಕಡಾ 2ರ ಲಿಗ್ನೋಕೇನ್ 10 ಎಂಎಲ್ ತೆಗೆದುಕೊಂಡು, ಅಷ್ಟೇ ಸಲೈನ್ ಸೇರಿಸಿದರೆ ಶೇಕಡಾ 1ರದ್ದು 20 ಎಂಎಲ್ ಆಗುತ್ತದೆ. ಅಂದರೆ ಒಟ್ಟು 200 ಮಿಲಿಗ್ರಾಂ. ದೊಡ್ಡವರಿಗೆ ಅದು ಮಿತಿಯೊಳಗೇ ಇದೆ, ತೂಕ ಕಡಿಮೆ ಇರುವವರಿಗೆ ಲೆಕ್ಕ ಹಾಕಿ ಇಳಿಸಬೇಕು. ಮೂಳೆಯ ತಲೆ ಜಾರಿ ಖಾಲಿಯಾದ ಜಾಗ ಭುಜದ ಪಕ್ಕದಲ್ಲಿ ತಗ್ಗಾಗಿ ಬೆರಳಿಗೆ ಸಿಗುತ್ತದೆ. ಅಲ್ಲಿ ಚರ್ಮವನ್ನು ಚೆನ್ನಾಗಿ ಶುಚಿ ಮಾಡಿ, ಸೂಜಿ ಒಳಗೆ ಹಾಕಿ, ಮೊದಲು ಹಿಂದಕ್ಕೆ ಎಳೆದು ನೋಡಬೇಕು. ಕೀಲಿನಲ್ಲಿ ನಿಂತ ರಕ್ತ ಬಂದರೆ ಅದನ್ನು ತೆಗೆದು ಮದ್ದು ಕೊಡುವುದು. ಆಮೇಲೆ 10–15 ನಿಮಿಷ ಕಾಯಬೇಕು. ಅವಸರದವರು ಕೆಡಿಸುವುದು ಈ ಕಾಯುವ ಹೊತ್ತನ್ನೇ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ, 2011ರಲ್ಲಿ ಪ್ರಕಟವಾದ ಪರಾಮರ್ಶೆ ಈ ಇಂಜೆಕ್ಷನ್ನನ್ನು ರಕ್ತನಾಳಕ್ಕೆ ಕೊಡುವ ನೋವುನಿವಾರಕ ಮತ್ತು ಮಂಪರು ಮದ್ದಿನ ಜೊತೆ ಹೋಲಿಸಿ ನೋಡಿದೆ. ಕೀಲು ಕೂರುವುದರಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಅಡ್ಡಪರಿಣಾಮ ಮಾತ್ರ ಲಿಗ್ನೋಕೇನ್‌ನಲ್ಲಿ ಕಡಿಮೆ.

ಹಾಗಂತ ಮಂಪರು ಕೊಡುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ದಷ್ಟಪುಷ್ಟ ಮೈಕಟ್ಟಿನವರು, ತಡವಾಗಿ ಬಂದವರು, ಭಯಕ್ಕೆ ಮುಟ್ಟಲೂ ಬಿಡದವರು ಇರುತ್ತಾರೆ. ಅವರಿಗೆ ಪ್ರೊಪೊಫಾಲ್ ಅಥವಾ ಕೀಟಮಿನ್ ಬೇಕಾಗುತ್ತದೆ. ಅದಕ್ಕೆ ಆಮ್ಲಜನಕ, ಸಕ್ಷನ್, ಮಾನಿಟರ್ ಇರಬೇಕು. ಉಸಿರಾಟವನ್ನೇ ನೋಡುತ್ತಾ ನಿಲ್ಲುವ ಇನ್ನೊಬ್ಬ ವೈದ್ಯರು ಇರಬೇಕು. ಇದಿಲ್ಲದೆ ಕೊಡುವುದನ್ನೂ ನಾನು ಕಂಡಿದ್ದೇನೆ. ಒಂದು ಖಾಸಗಿ ನರ್ಸಿಂಗ್ ಹೋಮಿನಿಂದ ಬಂದವರೊಬ್ಬರ ಕಥೆ ಹೀಗಿತ್ತು. ಮಂಪರಿಗೆ ಮಿಡಜೋಲಂ ಕೊಟ್ಟಿದ್ದಾರೆ, ಜೊತೆಗೆ ನೋವಿಗೆ ಪೆಂಟಜೋಸಿನ್ ಕೊಟ್ಟಿದ್ದಾರೆ. ಎಳೆದಾಗ ಕೂಗುತ್ತಿದ್ದಾರೆಂದು ಇನ್ನೂ ಸ್ವಲ್ಪ ಕೊಟ್ಟಿದ್ದಾರೆ. ಕೀಲು ಕೂತಿದೆ. ಎಲ್ಲರೂ ಕೈ ತೊಳೆಯಲು ಹೋಗಿದ್ದಾರೆ. ನೋವು ಇದ್ದಷ್ಟು ಹೊತ್ತು ರೋಗಿಯನ್ನು ಎಚ್ಚರ ಇಟ್ಟಿದ್ದು ಆ ನೋವೇ. ಅದು ಹೋದ ಕೂಡಲೇ ಮದ್ದಿನ ಪೂರ್ತಿ ಬಲ ಉಸಿರಿನ ಮೇಲೆ ಬೀಳುತ್ತದೆ. ಭುಜ ಸರಿಯಾಗಿತ್ತು, ಆದರೆ ಅವರು ನಮ್ಮಲ್ಲಿಗೆ ಬಂದಾಗ ಮೂಗಿಗೆ ಆಮ್ಲಜನಕ, ತುಟಿ ನೀಲಿ. ಪುಣ್ಯಕ್ಕೆ ಉಳಿದುಕೊಂಡರು. ಲಿಗ್ನೋಕೇನ್ ದಾರಿಯನ್ನು ನಾನು ಇಷ್ಟು ಒತ್ತಿ ಹೇಳಲು ಇದೂ ಒಂದು ಕಾರಣ.

ಇನ್ನು ಡ್ಯೂಟಿ ಡಾಕ್ಟರ್‌ಗಳ ಪರವಾಗಿಯೂ ಎರಡು ಮಾತು ಹೇಳಲೇಬೇಕು. ಅವರನ್ನು ಸೋಮಾರಿಗಳು ಅಂದುಬಿಡುವುದು ಸುಲಭ. ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಒಬ್ಬರೇ ವೈದ್ಯರು. ಅತ್ತ ಹೆರಿಗೆ ವಾರ್ಡ್, ಇತ್ತ ವಿಷ ಕುಡಿದವರು, ಬಾಗಿಲಲ್ಲಿ ಕುಡಿದು ಬಂದು ಗಲಾಟೆ ಮಾಡುವವರು. ವೈದ್ಯರ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರಲ್ಲೇ ಕಾನೂನು ಬಂದಿದೆ. ರಾತ್ರಿ ಒಂದು ಗಂಟೆಗೆ ಕೊರಳಪಟ್ಟಿಗೆ ಕೈ ಹಾಕುವವನು ಆ ಕಾನೂನು ಓದಿರುವುದಿಲ್ಲ. ಭುಜ ಕೂರಿಸುವಾಗ ಮೂಳೆ ಮುರಿದರೆ ತಮ್ಮ ಬೆನ್ನಿಗೆ ಯಾರೂ ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತು. ರೆಫರ್ ಮಾಡಿದರೆ ಕೇಳುವವರಿಲ್ಲ. ಮಾಡಿ ಕೆಟ್ಟರೆ ಕೇಳುವವರೇ ಎಲ್ಲ. ಇದರ ಮೇಲೆ, ಎಷ್ಟೋ ಯುವ ವೈದ್ಯರು ಎಂಬಿಬಿಎಸ್, ಇಂಟರ್ನ್‌ಶಿಪ್ ಮುಗಿಸಿ ಬರುವ ತನಕ ಒಂದು ಭುಜವನ್ನೂ ತಮ್ಮ ಕೈಯಾರೆ ಕೂರಿಸಿರುವುದಿಲ್ಲ. ಕಾಲೇಜಿನಲ್ಲಿ ಆರ್ಥೋ ಪಿಜಿಗಳು ಮಾಡುತ್ತಾರೆ, ಇವರು ಹಿಂದೆ ನಿಂತು ಎಕ್ಸ್‌ರೇ ಹಿಡಿದುಕೊಂಡಿರುತ್ತಾರೆ.

ಬೈಕಿನಿಂದ ಬಿದ್ದವರಾದರೆ ಪೊಲೀಸ್ ಕೇಸ್ ಎನ್ನುವ ಇನ್ನೊಂದು ನೆಪ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ, ಬರೆಯುವ ಗೊಡವೆ ಯಾಕೆ, ಜಿಲ್ಲೆಯಲ್ಲೇ ಬರೆಯಲಿ ಎಂದು ಕಳಿಸಿಬಿಡುತ್ತಾರೆ. ಮೊದಲು ಚಿಕಿತ್ಸೆ, ಆಮೇಲೆ ಕಾಗದ ಎಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದ್ದು 1989ರಲ್ಲಿ. ಅದನ್ನು ಇನ್ನೂ ನೆನಪಿಸಬೇಕಾಗಿರುವುದೇ ಬೇಸರ.

ಆಸ್ಪತ್ರೆ ಕೈ ಬಿಟ್ಟಾಗ ಜನ ಎಲ್ಲಿಗೆ ಹೋಗುತ್ತಾರೆ ಎಂಬುದು ತಮಗೂ ಗೊತ್ತು. ‘ಪುತ್ತೂರು ಕಟ್ಟು’ ಎಂಬ ಬೋರ್ಡ್ ಇಲ್ಲದ ಪೇಟೆ ಎಷ್ಟಿವೆ? ನಾಟಿ ವೈದ್ಯರನ್ನು ಹೀಯಾಳಿಸಲು ನನಗೆ ಮನಸ್ಸಿಲ್ಲ. ರೋಗಿಯನ್ನು ಹತ್ತಿರ ಕೂರಿಸಿಕೊಂಡು, ಮುಟ್ಟಿ, ಮಾತಾಡಿಸುವುದು ನಮ್ಮಲ್ಲಿ ಹಲವರಿಗಿಂತ ಅವರಿಗೆ ಚೆನ್ನಾಗಿ ಬರುತ್ತದೆ. ಆದರೆ ಎಕ್ಸ್‌ರೇ ಇಲ್ಲದೆ ಒಳಗೆ ಮೂಳೆ ಮುರಿದಿದೆಯೋ ಬರೀ ಕೀಲು ತಪ್ಪಿದೆಯೋ ಹೇಳಲು ಯಾರಿಂದಲೂ ಆಗುವುದಿಲ್ಲ. ತೋಳಿನ ಮೂಳೆಯ ಕುತ್ತಿಗೆ ಮುರಿದಿದ್ದರೆ ಎಳೆದಾಗ ಮುರಿದ ತುಂಡು ಇನ್ನೂ ದೂರ ಸರಿಯುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿಯೊಬ್ಬರು ಎಣ್ಣೆ ಹಚ್ಚಿಸಿಕೊಂಡು, ಬಿದಿರು ದಬ್ಬೆ ಕಟ್ಟಿಸಿಕೊಂಡು ತಿಂಗಳು ಕಳೆದ ಮೇಲೆ ನಮ್ಮಲ್ಲಿಗೆ ಬಂದರು. ತಲೆಗೂದಲು ಬಾಚಲು ಕೈ ಏಳುತ್ತಿಲ್ಲ ಎಂದು ಅವರ ದೂರು. ಭುಜ ಇನ್ನೂ ಹೊರಗೇ ಇತ್ತು. ಮೊದಲ ದಿನ ಅವರು ಹೋಗಿದ್ದು ಸರ್ಕಾರಿ ಆಸ್ಪತ್ರೆಗೇ. ‘ದೊಡ್ಡಾಸ್ಪತ್ರೆಗೆ ಹೋಗಿ’ ಅಂದಿದ್ದರು. ಕರೆದುಕೊಂಡು ಹೋಗಲು ಮನೆಯಲ್ಲಿ ಜನ ಇರಲಿಲ್ಲ.

ಎಕ್ಸ್‌ರೇ ಬಗ್ಗೆ ಇನ್ನೊಂದು ವಿಷಯವಿದೆ. ಇದು ಅಪರೂಪ, ಆದರೆ ಪದೇ ಪದೇ ತಪ್ಪಿಹೋಗುತ್ತದೆ. ಫಿಟ್ಸ್ ಬಂದವರಲ್ಲಿ, ಕರೆಂಟ್ ಹೊಡೆದವರಲ್ಲಿ ಭುಜ ಹಿಂದಕ್ಕೆ ಜಾರುವುದುಂಟು. ಪಂಪ್‌ಸೆಟ್ ಶಾಕ್ ಸಾಮಾನ್ಯವಾಗಿರುವ ನಮ್ಮ ಹಳ್ಳಿಗಳಲ್ಲಿ ಇದನ್ನು ನೆನಪಿಡಬೇಕು. ಎದುರಿನಿಂದ ತೆಗೆದ ಒಂದೇ ಎಕ್ಸ್‌ರೇಯಲ್ಲಿ ಎಲ್ಲ ಸರಿ ಇದೆ ಎನ್ನುವಂತೆಯೇ ಕಾಣುತ್ತದೆ. ‘ಒಳಪೆಟ್ಟು, ಮುಲಾಮು ಹಚ್ಚಿ’ ಎಂದು ಕಳಿಸುತ್ತಾರೆ. ಮುಂಗೈಯನ್ನು ಹೊರಗೆ ತಿರುಗಿಸಿ ನೋಡು ಎಂದರೆ ರೋಗಿಗೆ ಆಗುವುದೇ ಇಲ್ಲ. ಆ ಒಂದು ಪರೀಕ್ಷೆ, ಪಕ್ಕದಿಂದ ಇನ್ನೊಂದು ಎಕ್ಸ್‌ರೇ, ಇಷ್ಟರಲ್ಲಿ ಸಿಕ್ಕಿಬೀಳುತ್ತದೆ. ಇಂಥವರನ್ನು ಖಂಡಿತ ಆರ್ಥೋ ತಜ್ಞರ ಬಳಿಗೆ ಕಳಿಸಬೇಕು. ಕಳಿಸಬೇಕಾದವರನ್ನು ಮನೆಗೆ ಕಳಿಸಿ, ಕಳಿಸಬೇಕಿಲ್ಲದವರನ್ನು ಜಿಲ್ಲೆಗೆ ಕಳಿಸುತ್ತಿದ್ದೇವೆ.

ಇಷ್ಟು ಹೇಳಿದ ಮೇಲೆ ನನ್ನ ಕೋರಿಕೆಗಳು.

ಮೊದಲನೆಯದಾಗಿ, ಇಲಾಖೆಯಿಂದ ಲಿಖಿತ ಸುತ್ತೋಲೆ ಬೇಕು. ಮುಂದಕ್ಕೆ ಜಾರಿದ ಭುಜಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲೇ ಕೂರಿಸುವ ಪ್ರಯತ್ನ ಆಗಲೇಬೇಕು ಎಂದು ಅದರಲ್ಲಿರಲಿ. ಯಾರನ್ನು ಮುಟ್ಟದೆ ಕಳಿಸಬೇಕು ಎಂಬುದೂ ಅಷ್ಟೇ ಸ್ಪಷ್ಟವಾಗಿರಲಿ: ಮೂಳೆಯ ಕುತ್ತಿಗೆ ಮುರಿದವರು, ಹಿಂದಕ್ಕೆ ಜಾರಿದವರು, ವಾರಗಟ್ಟಲೆ ಹಳೆಯದಾದದ್ದು. ನಾಡಿ ಸಿಗದವರ ವಿಷಯ ಬೇರೆ. ಅಲ್ಲಿ ಫೋನಿನಲ್ಲಿ ತಜ್ಞರನ್ನು ಹಿಡಿದುಕೊಂಡೇ ಮುಂದಿನ ಹೆಜ್ಜೆ ಇಡಬೇಕು, ಆಂಬುಲೆನ್ಸ್ ಅಷ್ಟರಲ್ಲಿ ಬಾಗಿಲಲ್ಲಿ ನಿಂತಿರಬೇಕು. ಎರಡು ಸಲ ನಿಧಾನವಾಗಿ ಪ್ರಯತ್ನಿಸಿಯೂ ಆಗದಿದ್ದರೆ ಕಳಿಸಲಿ, ಅದು ತಪ್ಪಲ್ಲ. ಸುತ್ತೋಲೆಯಂತೆ ನಡೆದ ವೈದ್ಯರಿಗೆ ತೊಂದರೆಯಾದರೆ ಇಲಾಖೆ ಅವರ ಜೊತೆ ನಿಲ್ಲುತ್ತದೆ ಎಂಬ ಸಾಲನ್ನು ದಯವಿಟ್ಟು ಬಿಡಬೇಡಿ. ಆ ಸಾಲಿಲ್ಲದ ಸುತ್ತೋಲೆ ನೋಟಿಸ್ ಬೋರ್ಡಿನಲ್ಲೇ ಉಳಿಯುತ್ತದೆ.

ಎರಡನೆಯದು ತರಬೇತಿ. ಇದಕ್ಕೆ ಹೋಟೆಲ್ ಹಾಲ್, ಬ್ಯಾಗು, ಪೆನ್ನು, ಪವರ್‌ಪಾಯಿಂಟ್ ಬೇಡ. ತಾಲ್ಲೂಕು ವೈದ್ಯರನ್ನು ಸರದಿಯ ಮೇಲೆ ವೈದ್ಯಕೀಯ ಕಾಲೇಜಿನ ಕ್ಯಾಶುವಾಲ್ಟಿಗೆ ಕಳಿಸಿ. ಭುಜ ಜಾರಿದವರು ಬಂದಾಗ ನಮ್ಮ ಕಣ್ಣೆದುರು ಅವರೇ ಕೂರಿಸಲಿ. ಹೌಸ್‌ಸರ್ಜನ್‌ಗಳಿಗೂ ಇದನ್ನು ಕಡ್ಡಾಯ ಮಾಡಿ. ಸಿಸ್ಟರ್‌ಗಳನ್ನು ಬಿಡಬೇಡಿ. ಸ್ಟಿಮ್ಸನ್ ವಿಧಾನದಲ್ಲಿ ಅರ್ಧ ಗಂಟೆ ರೋಗಿಯ ಪಕ್ಕ ಇರುವವರು ಅವರೇ.

ಎಕ್ಸ್‌ರೇ ಕೋಣೆಯ ಬೀಗದ ವಿಷಯ ತಮ್ಮ ಮಟ್ಟದಲ್ಲೇ ಬಗೆಹರಿಯಬೇಕು. ಪದೇ ಪದೇ ಜಾರುವ ಭುಜ ಬೀಳದೆ, ಪೆಟ್ಟಾಗದೆ ಜಾರಿದ್ದರೆ ಅನುಭವ ಇರುವ ವೈದ್ಯರು ಎಕ್ಸ್‌ರೇಗೆ ಕಾಯದೆ ಕೂರಿಸುವುದುಂಟು. ಮೊದಲ ಸಲ ಜಾರಿದ್ದು, ಬಿದ್ದು ಜಾರಿದ್ದು, ವಯಸ್ಸಾದವರದ್ದು, ಇವಕ್ಕೆ ಮೊದಲು ಎಕ್ಸ್‌ರೇ ಬೇಕೇ ಬೇಕು. ರಾತ್ರಿ ಪಾಳಿಗೆ ಟೆಕ್ನಿಷಿಯನ್ ಕೊಡಲಾಗದಿದ್ದರೆ ಕರೆದಾಗ ಬರುವ ವ್ಯವಸ್ಥೆಯಾದರೂ ಆಗಲಿ. ಚಿತ್ರ ನೋಡಿ ಹೇಳಲು ತಜ್ಞರು ಅಲ್ಲೇ ಇರಬೇಕಿಲ್ಲ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕಿನ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಡಿಸುತ್ತಾರಲ್ಲ? ಹೃದಯಕ್ಕೆ ಆಗುವುದು ಭುಜಕ್ಕೆ ಯಾಕೆ ಆಗಬಾರದು? ಜಿಲ್ಲೆಗೊಬ್ಬ ಆರ್ಥೋ ಅಥವಾ ತುರ್ತು ಚಿಕಿತ್ಸಾ ವೈದ್ಯರ ಹೆಸರು, ಫೋನ್ ನಂಬರ್ ಪ್ರತಿ ಕ್ಯಾಶುವಾಲ್ಟಿಯ ಗೋಡೆಗೆ ಅಂಟಿಸಿದರೆ ಅರ್ಧ ಕೆಲಸ ಆಯಿತು.

ರೆಫರ್ ಚೀಟಿಯನ್ನೂ ಬದಲಿಸಿ. ಪೆಟ್ಟಾದ ಸಮಯ, ಮಣಿಕಟ್ಟಿನ ನಾಡಿ, ಹೋಮ್‌ಗಾರ್ಡ್‌ಗಳು ತೋಳಿಗೆ ಬ್ಯಾಡ್ಜ್ ಹಾಕುವ ಜಾಗದಲ್ಲಿ ಸ್ಪರ್ಶ ಇದೆಯೋ ಇಲ್ಲವೋ, ಕೂರಿಸುವ ಪ್ರಯತ್ನ ಮಾಡಿದರೋ ಇಲ್ಲವೋ, ಇಷ್ಟಕ್ಕೆ ಅದರಲ್ಲಿ ಜಾಗ ಇರಲಿ. ಸ್ಪರ್ಶ ಪರೀಕ್ಷೆಯನ್ನು ಕೂರಿಸುವ ಮೊದಲೂ ಮಾಡಬೇಕು, ಆಮೇಲೂ ಮಾಡಬೇಕು. ಮೊದಲೇ ಬರೆದಿಡದಿದ್ದರೆ ಬಿದ್ದಾಗ ಆದ ನರದ ತೊಂದರೆ ಕೂರಿಸಿದ ವೈದ್ಯರ ತಲೆಗೆ ಬರುತ್ತದೆ. ಎಷ್ಟು ಭುಜಗಳು ಬಂದವು, ಎಷ್ಟನ್ನು ಅಲ್ಲೇ ಕೂರಿಸಿದರು, ಎಷ್ಟನ್ನು ಕಳಿಸಿದರು ಎಂಬ ಲೆಕ್ಕವನ್ನು ತಾಲ್ಲೂಕುವಾರು ಪ್ರಕಟಿಸಿ. ಯಾರನ್ನೂ ಶಿಕ್ಷಿಸಲು ಅಲ್ಲ. ಎಲ್ಲಿ ತರಬೇತಿ ಬೇಕು ಎಂದು ಗೊತ್ತಾಗುತ್ತದೆ ಅಷ್ಟೆ.

108 ಆಂಬುಲೆನ್ಸಿನ ಸಿಬ್ಬಂದಿಗೆ ಒಂದು ಸಣ್ಣ ಸೂಚನೆ ಸಾಕು. ರೋಗಿ ಹೇಗೆ ಹಿಡಿದುಕೊಂಡಿದ್ದಾನೋ ಆ ಕೈಯನ್ನು ಹಾಗೇ ಬಿಡಿ, ನೆಟ್ಟಗೆ ಮಾಡಲು ಹೋಗಬೇಡಿ, ಕಂಕುಳ ಸಂದಿಗೆ ದಿಂಬು ಕೊಡಿ, ಕೂತು ಬರುತ್ತೇನೆ ಎಂದರೆ ಕೂರಿಸಿಕೊಂಡೇ ಬನ್ನಿ.

ಕೊನೆಯದು ಕೀಲು ಕೂತ ಮೇಲಿನ ಮಾತು. ಇದನ್ನು ನಾವು ದೊಡ್ಡ ಆಸ್ಪತ್ರೆಯವರೂ ಸುಮ್ನೆ ಬಿಟ್ಟುಬಿಡುತ್ತೇವೆ. ತೋಳು ಜೋಲಿ ಸ್ಟಾಕ್ ಇರುವುದಿಲ್ಲ, ರೋಗಿಯ ಟವೆಲ್ಲೋ ತಾಯಿಯ ವೇಲೋ ಕಟ್ಟಿ ಕಳಿಸುತ್ತೇವೆ. ಜೋಲಿ ಎಷ್ಟು ದಿನ, ವ್ಯಾಯಾಮ ಯಾವಾಗ, ಮತ್ತೆ ಯಾರನ್ನು ಕಾಣಬೇಕು, ಯಾರೂ ಹೇಳುವುದಿಲ್ಲ. ಇಪ್ಪತ್ತರ ಒಳಗಿನ ಹುಡುಗರಲ್ಲಿ ಒಮ್ಮೆ ಜಾರಿದ ಭುಜ ಮತ್ತೆ ಜಾರುವ ಸಾಧ್ಯತೆ ತುಂಬಾ ಜಾಸ್ತಿ. ಮುಂದಿನ ವಾರವೇ ಅವನನ್ನು ಅಖಾಡಕ್ಕೆ ಇಳಿಸುವ ಕೋಚ್‌ಗಳಿದ್ದಾರೆ. ನಲವತ್ತು ದಾಟಿದವರಲ್ಲಿ ಭುಜದ ಸುತ್ತಲಿನ ಸ್ನಾಯುರಜ್ಜು ಹರಿದಿರಬಹುದು. ಎರಡು ವಾರ ಕಳೆದರೂ ಕೈ ಎತ್ತಲು ಆಗದಿದ್ದರೆ ಅದನ್ನು ಹುಡುಕಬೇಕು. ಇವೆಲ್ಲ ಒಂದು ಹಾಳೆಯಲ್ಲಿ, ಸರಳ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ರೋಗಿಯ ಕೈಗೆ ಕೊಡುವಂತಾಗಲಿ. ಶಾಲಾ ಕ್ರೀಡಾಕೂಟ ನಡೆಸುವ ದೈಹಿಕ ಶಿಕ್ಷಕರಿಗೂ ಅದೇ ಹಾಳೆ ತಲುಪಲಿ. ‘ಒಂದು ಜಗ್ಗು ಜಗ್ಗಿದರೆ ಕೂರುತ್ತೆ’ ಎಂದು ಮೈದಾನದಲ್ಲೇ ಎಳೆಯುವುದು ನಿಲ್ಲಬೇಕು.

ನಾನು ಕೇಳಿದ್ದರಲ್ಲಿ ಹೊಸ ಕಟ್ಟಡ ಇಲ್ಲ, ಹೊಸ ಯಂತ್ರ ಇಲ್ಲ. ಟೆಕ್ನಿಷಿಯನ್ ಪಾಳಿಗೆ ಒಂದಿಷ್ಟು ಖರ್ಚಿದೆ, ಉಳಿದದ್ದಕ್ಕೆ ಹೆಚ್ಚು ಬೇಕಿರುವುದು ಆದೇಶ. ರಾಜ್ಯವಿಡೀ ಒಮ್ಮೆಲೇ ಕಷ್ಟ ಅನ್ನಿಸಿದರೆ ಒಂದು ಜಿಲ್ಲೆಯಲ್ಲಿ ಶುರು ಮಾಡಿ ನೋಡಿ. ತರಬೇತಿಗೆ ಬರಲು ನಾನೂ, ನನ್ನ ಜೊತೆಯ ಕೆಲವು ವೈದ್ಯರೂ ಸಿದ್ಧ. ಭತ್ಯೆ ಬೇಡ, ಒಂದು ಮಂಚ ಮತ್ತು ಅಂದಿನ ಡ್ಯೂಟಿ ಡಾಕ್ಟರ್ ಇದ್ದರೆ ಸಾಕು. ದೀಪಾವಳಿ ಕಳೆಯುತ್ತಿದ್ದಂತೆ ಊರೂರಲ್ಲಿ ಕಬಡ್ಡಿ ಪಂದ್ಯಾವಳಿ, ಜಾತ್ರೆ, ಕ್ರೀಡಾಕೂಟ ಶುರುವಾಗುತ್ತವೆ. ಸುತ್ತೋಲೆ ಅದಕ್ಕೆ ಮೊದಲೇ ತಾಲ್ಲೂಕುಗಳಿಗೆ ತಲುಪಲಿ ಎಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ತುರ್ತು ಚಿಕಿತ್ಸಾ ವಿಭಾಗದ ಒಬ್ಬ ವೈದ್ಯೆ